‘ಒಂದು ವರ್ಷ ಹಾಳು’ ಎಂಬ ಸುಳ್ಳು

ಏಪ್ರಿಲ್ ಬಂತೆಂದರೆ ಒಂದು ಮಾತು ಮನೆಮನೆಯಲ್ಲೂ ಕೇಳತೊಡಗುತ್ತದೆ: ‘ಸುಮ್ಮನೆ ಮಗೂಗೆ ಒಂದು ವರ್ಷ ಹಾಳಾಗುತ್ತಲ್ಲ!’ ಜೂನ್ 1ಕ್ಕೆ ಆರು ತುಂಬಲು ಎರಡು ತಿಂಗಳು ಕಡಿಮೆ ಬಿದ್ದಿದೆ, ನಾಲ್ಕು ತಿಂಗಳು ಕಡಿಮೆ ಬಿದ್ದಿದೆ, ಹೇಗಾದರೂ ಮಾಡಿ ಒಂದನೇ ತರಗತಿಗೆ ಸೇರಿಸಿಕೊಳ್ಳಿ ಎಂದು ತಂದೆತಾಯಂದಿರು ಶಾಲೆಯ ಬಾಗಿಲಲ್ಲಿ, ಬಿಇಒ ಕಚೇರಿಯಲ್ಲಿ, ಶಾಸಕರ ಮನೆಯ ಮುಂದೆ ನಿಲ್ಲುತ್ತಾರೆ. ಈ ಮಾತು ಆಡುವವರು ಕೆಟ್ಟವರಲ್ಲ, ಮಕ್ಕಳ ಮೇಲಿನ ಪ್ರೀತಿಯಿಂದಲೇ ಆಡುತ್ತಾರೆ. ಆದರೆ ಪ್ರೀತಿಯಿಂದ ಆಡಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಆರು ತುಂಬುವವರೆಗೆ ಕಾದ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ಕಳೆದುಕೊಳ್ಳುವುದು, ಕಾಯಲು ಒಪ್ಪದ ದೊಡ್ಡವರ ಕೈಗೆ ಸಿಕ್ಕ ಮಗು. ಇದನ್ನು ಮೆಲ್ಲಗೆ ಹೇಳಿ ಸಾಕಾಗಿದೆ. ಈಗ ಗಟ್ಟಿಯಾಗಿ ಹೇಳಬೇಕು.

ಈ ಜಗಳಕ್ಕೆ ನಮ್ಮ ರಾಜ್ಯದಲ್ಲಿ ಇತ್ತೀಚಿನ ಒಂದು ಚರಿತ್ರೆ ಇದೆ. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಲೇಬೇಕು ಎಂದು ಕರ್ನಾಟಕ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳಿಗೆ ತೊಂದರೆ ಆಗದಿರಲೆಂದು ಜಾರಿಯನ್ನು 2025–26ಕ್ಕೆ ಮುಂದೂಡಿತು. ತಯಾರಾಗಲು ಶಾಲೆಗಳಿಗೂ ಪೋಷಕರಿಗೂ ಬೇಕಾದಷ್ಟು ಸಮಯ ಸಿಕ್ಕಿತು. ಆದರೂ ಆ ವರ್ಷ ಬಂದಾಗ ಮತ್ತೆ ಅದೇ ಕೂಗು. ಸರ್ಕಾರ ಮಣಿಯಿತು, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಆಗಿದ್ದರೆ ಸಾಕೆಂದಿತು. ಕೂಗಿದವರಿಗೆ ನಿಜವಾದ ಒಂದು ಸಂಕಟ ಇತ್ತು. ಎರಡೂವರೆ ವರ್ಷಕ್ಕೇ ಪ್ರೀ ನರ್ಸರಿಗೆ ಹೋದ ಮಕ್ಕಳು ಐದೂವರೆಗೆ ಯುಕೆಜಿ ಮುಗಿಸಿದ್ದವು. ಅದೇ ತರಗತಿಯಲ್ಲಿ ಇನ್ನೊಮ್ಮೆ ಕೂರಿಸಬೇಕು, ಇನ್ನೊಮ್ಮೆ ಫೀಸು ಕಟ್ಟಬೇಕು. ಆದರೆ ಈ ಸಂಕಟವನ್ನು ತಂದಿಟ್ಟದ್ದು ಆರು ವರ್ಷದ ನಿಯಮವಲ್ಲ. ಅಂಬೆಗಾಲು ಬಿಟ್ಟು ವರ್ಷ ಒಂದೂವರೆ ಆಗಿದ್ದ ಮಗುವಿಗೆ ಅಡ್ಮಿಷನ್ ಕೊಟ್ಟ ಶಾಲೆ ಮತ್ತು ಅದನ್ನು ಕೇಳಿ ಪಡೆದ ನಮ್ಮ ಅವಸರ. ತಪ್ಪಾಗಿ ಹಾಕಿದ ಮೊದಲ ಹೆಜ್ಜೆಯನ್ನು ತಿದ್ದುವ ಬದಲು, ಎರಡನೆಯದನ್ನೂ ಅದೇ ದಿಕ್ಕಿಗೆ ಹಾಕಲು ಅನುಮತಿ ಕೇಳಿದೆವು.

ಮೊದಲು ‘ಹಾಳು’ ಎನ್ನುವ ಲೆಕ್ಕವನ್ನೇ ನೋಡೋಣ. ಬೇಗ ಶುರುಮಾಡಿದವರು ಬೇಗ ಮುಗಿಸಿ ಬೇಗ ದಡ ಸೇರುತ್ತಾರೆ ಎಂಬುದು ಇದರ ಹಿಂದಿರುವ ನಂಬಿಕೆ. ಯಾವ ದಡ? ವೈದ್ಯಕೀಯ ಕೋರ್ಸಿನ ನೀಟ್ ಪರೀಕ್ಷೆಗೆ, ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ರೊಳಗೆ 17 ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯೇ ಇಲ್ಲ. ಕೇಂದ್ರದ ನಾಗರಿಕ ಸೇವಾ ಪರೀಕ್ಷೆಗೆ 21 ತುಂಬಬೇಕು. ಸಾಮಾನ್ಯ ವರ್ಗದವರಿಗೆ 32ರವರೆಗೆ, ಹಿಂದುಳಿದ ವರ್ಗದವರಿಗೆ 35ರವರೆಗೆ, ಪರಿಶಿಷ್ಟರಿಗೆ 37ರವರೆಗೆ ಬಾಗಿಲು ತೆರೆದಿರುತ್ತದೆ. ಹದಿನೈದು ವರ್ಷ ಆಚೆ ಇರುವ ಆ ಬಾಗಿಲುಗಳೇ ಹನ್ನೊಂದು, ಹದಿನಾರು ವರ್ಷ ಕಾಯಲು ಸಿದ್ಧವಿರುವಾಗ, ಐದು ವರ್ಷದ ಮಗು ಏಳು ತಿಂಗಳು ಕಾದರೆ ಬದುಕು ಕೈತಪ್ಪುತ್ತದೆ ಎಂದು ಹೆದರುವುದಕ್ಕೆ ಯಾವ ಆಧಾರವಿದೆ? ದುಡಿಯುವ ವಯಸ್ಸು ಮೂರೂವರೆ, ನಾಲ್ಕು ದಶಕಗಳಷ್ಟು ಉದ್ದವಿದೆ. ಅದರ ತುದಿಗೆ ಒಂದು ವರ್ಷ ಸೇರಿಸುವುದಕ್ಕಾಗಿ ಮೊದಲ ಆರು ವರ್ಷದಲ್ಲಿ ಒಂದನ್ನು ಕತ್ತರಿಸುವುದು ಯಾವ ಕೋನದಿಂದ ನೋಡಿದರೂ ನಷ್ಟದ ವ್ಯಾಪಾರ.

‘ಇರಲಿ, ಬೇಗ ಕಲಿತ ಮಗು ತರಗತಿಯಲ್ಲಾದರೂ ಮುಂದಿರುತ್ತದಲ್ಲ’ ಎನ್ನುತ್ತಾರೆ. ಇರುತ್ತದೆ, ಕೆಲವು ಕಾಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಸೆಬಾಸ್ಟಿಯನ್ ಸುಗೇಟ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನೇ ಹಿಡಿದು ಅಧ್ಯಯನ ನಡೆಸಿದರು. ಐದನೇ ವಯಸ್ಸಿಗೆ ಓದಲು ಕಲಿಸುವ ಸಾಮಾನ್ಯ ಶಾಲೆಗಳ ಮಕ್ಕಳು ಒಂದು ಕಡೆ, ಏಳರ ಹೊತ್ತಿಗೆ ಓದು ಶುರುಮಾಡುವ ಸ್ಟೈನರ್ ಶಾಲೆಗಳ ಮಕ್ಕಳು ಇನ್ನೊಂದು ಕಡೆ. ಹನ್ನೊಂದನೇ ವಯಸ್ಸಿನ ಹೊತ್ತಿಗೆ ಓದುವ ಸಾಮರ್ಥ್ಯದಲ್ಲಿ ಇಬ್ಬರ ನಡುವೆ ಅಂತರ ಉಳಿದಿರಲಿಲ್ಲ. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ತಡವಾಗಿ ಶುರುಮಾಡಿದವರೇ ತುಸು ಮೇಲಿದ್ದರು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದಿಷ್ಟೇ: ಎರಡು ವರ್ಷ ಮೊದಲೇ ಪಟ್ಟ ಪಾಡಿನ ಲಾಭ ಆರು ವರ್ಷದಲ್ಲಿ ಕರಗಿಹೋಯಿತು.

ಅಮೆರಿಕದ ಟೆನೆಸಿ ರಾಜ್ಯದಿಂದ ಬಂದ ಸುದ್ದಿ ಇನ್ನೂ ಗಂಭೀರವಾದದ್ದು. ಅಲ್ಲಿ ಬಡ ಕುಟುಂಬಗಳ ನಾಲ್ಕು ವರ್ಷದ ಮಕ್ಕಳಿಗಾಗಿ ಸರ್ಕಾರ ನಡೆಸುವ ಶಾಲಾಪೂರ್ವ ತರಗತಿಗಳಿಗೆ ಅರ್ಜಿಗಳು ಹೆಚ್ಚಾದ ಕಡೆ ಚೀಟಿ ಎತ್ತಿದ ಹಾಗೆ ಆಯ್ಕೆ ನಡೆಯಿತು. ಹಾಗಾಗಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸುವುದು ಸಾಧ್ಯವಾಯಿತು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 3,000 ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಸೀಟು ಸಿಕ್ಕ ಮಕ್ಕಳು ಮೊದಲ ವರ್ಷ ಮುಂದಿದ್ದರು. ಆರನೇ ತರಗತಿಗೆ ಬರುವ ಹೊತ್ತಿಗೆ ಓದು, ಗಣಿತ, ವಿಜ್ಞಾನ ಮೂರರಲ್ಲೂ ಅವರೇ ಹಿಂದಿದ್ದರು. ಶಿಸ್ತಿನ ದೂರುಗಳೂ ಅವರ ಮೇಲೇ ಹೆಚ್ಚು. ಈ ವರದಿ 2022ರಲ್ಲಿ ಬಂತು. ಚಿಕ್ಕ ಮಕ್ಕಳಿಗೆ ಶಾಲೆಯೇ ಬೇಡ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ; ಆ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ನಾಲ್ಕನೇ ವಯಸ್ಸಿನಲ್ಲಿ ಸಿಕ್ಕ ಮುನ್ನಡೆ ಹನ್ನೆರಡಕ್ಕೂ ಉಳಿಯುತ್ತದೆ ಎಂಬ ಭರವಸೆಯ ಬುಡ ಇಲ್ಲಿ ಸಡಿಲವಾಯಿತು.

ಇಂಥ ಚರ್ಚೆಯಲ್ಲಿ ಫಿನ್ಲೆಂಡಿನ ಹೆಸರು ತಪ್ಪದೆ ಬರುತ್ತದೆ. ಅಲ್ಲಿ ಶಾಲೆ ಶುರುವಾಗುವುದು ಏಳಕ್ಕೆ. 2000ದ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಓದಿನಲ್ಲಿ ಆ ದೇಶ ಮೊದಲ ಸ್ಥಾನ ಪಡೆದಿತ್ತು. ಈಚಿನ ಸುತ್ತುಗಳಲ್ಲಿ ಇಳಿದಿದೆ. ಹಾಗಾಗಿ ತಡವಾಗಿ ಸೇರಿಸಿದರೆ ಗೆಲುವು ಖಚಿತ ಎಂದು ನಾನು ವಾದಿಸುವುದಿಲ್ಲ. ತಡವಾಗಿ ಸೇರಿಸಿದ್ದರಿಂದ ಆ ಗೆಲುವಿಗೆ ಅಡ್ಡಿಯಾಗಲಿಲ್ಲ ಎಂಬುದಷ್ಟೇ ಈ ಮಾತಿಗೆ ಸಾಕು.

ದೂರದ ದೇಶಗಳನ್ನು ಬಿಟ್ಟು ನಮ್ಮ ಅಕ್ಷರಕ್ಕೇ ಬರೋಣ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ಐನೂರರಷ್ಟು ರೂಪಗಳು. ಅವುಗಳ ಮೇಲೆ ಒತ್ತಕ್ಷರ. ಇಂಗ್ಲಿಷಿನ 26 ಅಕ್ಷರ ಕಲಿತ ವೇಗದಲ್ಲೇ ಇದನ್ನೂ ಕಲಿಯಲಿ ಎನ್ನುವುದು ಈ ಲಿಪಿಯ ಸ್ವಭಾವ ಗೊತ್ತಿಲ್ಲದವರ ಮಾತು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ ಕನ್ನಡ ಓದಲು ಕಲಿಯುತ್ತಿರುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕನ್ನಡದ ಅಕ್ಷರಜ್ಞಾನ ಮೊದಲೆರಡು ತರಗತಿಗಳಲ್ಲಿ ಮುಗಿದುಹೋಗುವ ಕೆಲಸವಲ್ಲ, ಮೂರು–ನಾಲ್ಕನೇ ತರಗತಿಯವರೆಗೂ ನಿಧಾನವಾಗಿ ಬೆಳೆಯುತ್ತಾ ಹೋಗುವಂಥದ್ದು ಎಂದು ಅವರ ಕೆಲಸ ತೋರಿಸಿತು. ಈ ನಿಧಾನ ಮಗುವಿನ ದಡ್ಡತನವಲ್ಲ, ಟೀಚರಿನ ಸೋಮಾರಿತನವೂ ಅಲ್ಲ. ಇಷ್ಟು ಶ್ರೀಮಂತವಾದ ಲಿಪಿ ಒಂದು ಎಳೆಯ ಮನಸ್ಸಿನಲ್ಲಿ ಇಳಿದು ನೆಲೆಯಾಗಲು ಹಿಡಿಯುವ ಕಾಲವೇ ಅಷ್ಟು.

ಸರ್ಕಾರಕ್ಕೂ ಇದು ಗೊತ್ತು. 2021ರ ‘ನಿಪುಣ್ ಭಾರತ್’ ಯೋಜನೆ ದೇಶದ ಮುಂದಿಟ್ಟ ಗುರಿ, ಮೂರನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಅರ್ಥವರಿತು ಓದುವಂತಾಗಬೇಕು ಎಂಬುದು. 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮದ ಚೌಕಟ್ಟು 3ರಿಂದ 8ನೇ ವಯಸ್ಸಿನವರೆಗಿನ ಐದು ವರ್ಷಗಳನ್ನು ಒಂದೇ ಹಂತವೆಂದು ಕರೆದು, ಆಟವೇ ಅಲ್ಲಿನ ಕಲಿಕೆಯ ದಾರಿ ಎಂದಿತು. ಎಂಟು–ಒಂಬತ್ತು ವರ್ಷಕ್ಕೆ ತಲುಪಿದರೆ ಸಾಕೆಂದು ದೇಶವೇ ಒಪ್ಪಿರುವ ಜಾಗಕ್ಕೆ ನಮ್ಮ ಯುಕೆಜಿ ಮಗು ಐದಕ್ಕೇ ತಲುಪಬೇಕೆಂದು ನಾವು ಹಟ ಹಿಡಿದಿದ್ದೇವೆ. ತಲುಪದಿದ್ದಾಗ ಸಂಜೆ ಟ್ಯೂಷನ್ ಹಾಕಿಸುತ್ತೇವೆ.

ಈ ಹಟದಿಂದ ತರಗತಿಯೊಳಗೆ ಏನಾಗುತ್ತದೆ ಎನ್ನುವುದನ್ನು ನೇರವಾಗಿ ನೋಡಬೇಕು. ಮಗು ಅಕ್ಷರ ಕಲಿಯುವುದಿಲ್ಲ, ಅಕ್ಷರದ ಚಿತ್ರವನ್ನು ನಕಲು ಮಾಡುತ್ತದೆ. ಬೋರ್ಡಿನಿಂದ ಪುಸ್ತಕಕ್ಕೆ, ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ. ‘ಒಂದರಿಂದ ನೂರು’ ಹೇಳುತ್ತದೆ. ಏಳು ಹುಣಸೆ ಬೀಜ ಎಣಿಸಿ ಕೊಡು ಎಂದರೆ ತಡವರಿಸುತ್ತದೆ. ಮೂರು ವರ್ಷದ ಮಗು ದೇಶಗಳ ರಾಜಧಾನಿಗಳನ್ನು ಪಟಪಟನೆ ಹೇಳಿದ್ದಕ್ಕೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪದಕದ ಜೊತೆ ಫೋಟೊ ಬರುತ್ತದೆ, ಓಣಿಯ ಉಳಿದ ತಾಯಂದಿರ ಎದೆ ಧಸಕ್ಕೆನ್ನುತ್ತದೆ. ಆ ಮಗುವಿನ ನೆನಪಿನ ಶಕ್ತಿ ನಿಜ. ಆದರೆ ದೇಶವೆಂದರೆ ಏನು, ರಾಜಧಾನಿ ಎಂದರೆ ಏನು ಎಂಬ ಪ್ರಶ್ನೆ ಆ ತಲೆಯಲ್ಲಿ ಹುಟ್ಟಲು ಇನ್ನೂ ಹಲವು ವರ್ಷ ಬೇಕು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ತುಂಬಿಸಿಟ್ಟರೆ ಪ್ರಶ್ನೆ ಕೇಳುವ ಚಟವೇ ಸಾಯುತ್ತದೆ.

ಕೈಯ ವಿಷಯವನ್ನೂ ಹೇಳಬೇಕು. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು. ಹುಟ್ಟುವಾಗ ಅವು ಸಾಮಾನ್ಯವಾಗಿ ಮೂಳೆಗಳೇ ಆಗಿರುವುದಿಲ್ಲ, ಬರೀ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ, ಆಮೇಲೆ ಒಂದೊಂದೇ. ಕೊನೆಯದು ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವಾಗ ಮಗುವಿಗೆ ಒಂಬತ್ತೋ ಹನ್ನೆರಡೋ ಆಗಿರುತ್ತದೆ. ಈ ಕ್ರಮ ಎಷ್ಟು ನಿಯತವೆಂದರೆ, ಮಕ್ಕಳ ವೈದ್ಯರು ಎಡಗೈಯ ಎಕ್ಸ್‌ರೇ ನೋಡಿ ಎಲುಬಿನ ವಯಸ್ಸನ್ನು ಅಂದಾಜು ಮಾಡುತ್ತಾರೆ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಬೇಗ ನಡೆಯುತ್ತದೆ. ಮೂಳೆ ಬಲಿಯುವ ತನಕ ಪೆನ್ಸಿಲ್ ಮುಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ಸೀಮೆಸುಣ್ಣದಿಂದ ಅಂಗಳದಲ್ಲಿ ಗೀಚಲಿ, ಮಣ್ಣು ಕಲಸಲಿ, ಅವರೆಕಾಯಿ ಸುಲಿಯಲಿ, ಹೂ ಪೋಣಿಸಲಿ. ಬೆರಳು ಬರಹಕ್ಕೆ ಸಿದ್ಧವಾಗುವುದು ಹೀಗೆಯೇ. ಆದರೆ ನಾಲ್ಕು ವರ್ಷದ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು, ಗೆರೆ ದಾಟಿದ್ದಕ್ಕೆ ಕೆಂಪು ಇಂಕಿನಲ್ಲಿ ಗುರುತು ಹಾಕುವುದು, ಆ ಕೈಯ ಬೆಳವಣಿಗೆಯನ್ನೇ ತಪ್ಪೆಂದು ಬರೆದ ಹಾಗೆ.

ಈ ಅವಸರದ ಅತಿ ಕ್ರೂರ ಮುಖ ಇಲ್ಲಿಂದಲೇ ಶುರುವಾಗುತ್ತದೆ. ಬೆಳೆಯದೆ ಇರುವುದನ್ನು ನಾವು ಬರದೇ ಇರುವುದೆಂದು ತಿಳಿಯುತ್ತೇವೆ. ಎಳೆತನವನ್ನು ರೋಗವೆಂದೋ ದಡ್ಡತನವೆಂದೋ ಕರೆಯುತ್ತೇವೆ. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಒಂದು ಅಧ್ಯಯನ 2018ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಸೆಪ್ಟೆಂಬರ್ 1ನ್ನು ಶಾಲೆ ಸೇರುವ ವಯಸ್ಸಿನ ಗಡಿಯಾಗಿ ಇಟ್ಟುಕೊಂಡ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಗು ತರಗತಿಯ ಅತಿ ಚಿಕ್ಕ ಮಗು, ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಅತಿ ದೊಡ್ಡದು. ಗಮನ ನಿಲ್ಲದ, ಅತಿ ಚಟುವಟಿಕೆಯ ಕಾಯಿಲೆ ಎಂಬ ಹಣೆಪಟ್ಟಿ ಆಗಸ್ಟ್ ಮಕ್ಕಳಲ್ಲಿ 10,000ಕ್ಕೆ 85ರಷ್ಟು ಮಂದಿಗೆ ಬಿದ್ದಿತ್ತು. ಸೆಪ್ಟೆಂಬರ್ ಮಕ್ಕಳಲ್ಲಿ 64ರಷ್ಟು ಮಂದಿಗೆ. ಒಂದು ತಿಂಗಳ ಅಂತರದಲ್ಲಿ ಹುಟ್ಟಿದ ಮಕ್ಕಳ ಮಿದುಳಿನಲ್ಲಿ ಇಷ್ಟು ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ. ವ್ಯತ್ಯಾಸ ಇದ್ದದ್ದು ಅಕ್ಕಪಕ್ಕ ಕೂತವರ ವಯಸ್ಸಿನಲ್ಲಿ. ಡೆನ್ಮಾರ್ಕಿನ ಮಕ್ಕಳ ಬಗ್ಗೆ ಥಾಮಸ್ ಡೀ ಮತ್ತು ಹಾನ್ಸ್ ಹೆನ್ರಿಕ್ ಸೀವರ್ಟ್‌ಸನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ದಿಕ್ಕು: ಒಂದು ವರ್ಷ ತಡವಾಗಿ ಶಾಲೆ ಸೇರಿದ ಮಕ್ಕಳಲ್ಲಿ ಚಂಚಲತೆ ಗಣನೀಯವಾಗಿ ಕಡಿಮೆ, ಹನ್ನೊಂದರ ವಯಸ್ಸಿನಲ್ಲೂ ಆ ಒಳಿತು ಉಳಿದಿತ್ತು.

ನಮ್ಮಲ್ಲಿ ಡಾಕ್ಟರ ಚೀಟಿಯ ತನಕವೂ ಹೋಗಬೇಕಾಗಿಲ್ಲ. ‘ನಿಮ್ಮ ಮಗ ಕೂತಲ್ಲಿ ಕೂರಲ್ಲ’, ‘ಸ್ಲೋ ಇದ್ದಾಳೆ’ ಎಂದು ಮಿಸ್ಸು ಡೈರಿಯಲ್ಲಿ ಬರೆದರೆ ಸಾಕು. ಆ ಸಂಜೆ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಐದೂವರೆ ವರ್ಷದ ಮಗು ಆರೂವರೆ ವರ್ಷದ ಮಗುವಿನ ಪಕ್ಕ ಕೂತು, ತನ್ನ ಬದುಕಿನ ಐದನೆಯ ಒಂದು ಪಾಲಿನಷ್ಟು ಹಿರಿಯನಾದವನ ಜೊತೆ ದಿನವೂ ಸ್ಪರ್ಧೆಗೆ ಬಿದ್ದು, ದಿನವೂ ಸೋಲುತ್ತದೆ. ತಾನು ಸೋಲುತ್ತಿರುವುದು ವಯಸ್ಸಿಗೆ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ‘ನನಗೆ ಬರಲ್ಲ’ ಎಂಬ ತೀರ್ಮಾನವನ್ನು ಅದು ತಾನಾಗಿಯೇ ಮಾಡಿಕೊಳ್ಳುತ್ತದೆ. ಕಾಗುಣಿತ ಮುಂದೆ ಬಂದೇ ಬರುತ್ತದೆ. ಈ ತೀರ್ಮಾನ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಎದುರು ಪಕ್ಷದ ಕೈಯಲ್ಲಿ ಒಂದು ವಿಜ್ಞಾನದ ಮಾತೂ ಒಂದು ಗಾದೆಯೂ ಇವೆ. ವಿಜ್ಞಾನದ ಮಾತು: ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಈ ಅಂಕಿ ಇದೆ. ಅದನ್ನು ಹಿಡಿದುಕೊಂಡು ಶಾಲೆಗಳು ಕರಪತ್ರ ಹಂಚುತ್ತವೆ. ಆದರೆ ಅದೇ ನೀತಿ ಅದೇ ಅಂಕಿಯಿಂದ ತಲುಪಿದ ತೀರ್ಮಾನವೇನು? ಆ ವಯಸ್ಸಿನಲ್ಲಿ ಆಟ, ಮಾತು, ಹಾಡು, ಆರೈಕೆ ಬೇಕು. ಒಂದನೇ ತರಗತಿ ಆರು ತುಂಬಿದ ಮೇಲೆ ಸಾಕು. ಬೆಳೆಯುತ್ತಿರುವ ಮಿದುಳಿಗೆ ಒಳ್ಳೆಯದನ್ನು ಕೊಡಿ ಎಂಬುದು, ಅದರೊಳಗೆ ಸಾಧ್ಯವಾದಷ್ಟನ್ನು ತುರುಕಿ ಎಂದಾಗಿದ್ದು ಕರಪತ್ರದಲ್ಲಿ ಮಾತ್ರ.

ಗಾದೆ: ‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ.’ ಒಪ್ಪೋಣ. ಒಪ್ಪಿದರೆ ಕೇಳಬೇಕಾದ ಪ್ರಶ್ನೆ ಭಯಂಕರವಾದದ್ದು. ನೂರು ವರ್ಷದ ತನಕ ಉಳಿಯುವಂತೆ ನಾವು ಮೂರಕ್ಕೆ ಕೊಡುತ್ತಿರುವ ಬುದ್ಧಿ ಯಾವುದು? ಕುತೂಹಲವೇ, ಹೆದರಿಕೆಯೇ? ಗೊತ್ತಿಲ್ಲ ಎನ್ನುವ ಧೈರ್ಯವೇ, ಗೊತ್ತಿದೆ ಎಂದು ನಟಿಸುವ ಚಾಲಾಕಿತನವೇ? ಗಾದೆ ನಮ್ಮ ಹಿರಿಯರದು. ಆದರೆ ಮೂರು ವರ್ಷದ ಮಗುವಿಗೆ ಹೋಂವರ್ಕ್ ಕೊಟ್ಟವರು ನಮ್ಮ ಹಿರಿಯರಲ್ಲ. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸಿದ ಮನೆಗಳಲ್ಲಿ, ಮಾರನೆಯ ದಿನ ಎರಡು ಪುಟ ಬರೆದು ತೋರಿಸು ಎಂದು ಯಾರೂ ಕೂತಿರಲಿಲ್ಲ.

ಹಾಗಾದರೆ ಕಾಯುವ ವರ್ಷದಲ್ಲಿ ಮಗು ಏನು ಮಾಡಬೇಕು? ಇಲ್ಲಿ ತಾಳ್ಮೆಯ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆಯನ್ನು ಕೀಳಬೇಕಾಗಿದೆ. ತಾಳ್ಮೆ ಎಂದರೆ ಕೈಕಟ್ಟಿ ಕೂರುವುದಲ್ಲ. ಅವಸರಕ್ಕಿಂತ ಅದೇ ಹೆಚ್ಚು ದುಡಿಮೆ ಕೇಳುತ್ತದೆ. ಅಳಿಗುಳಿ ಮಣೆಯನ್ನೇ ತೆಗೆದುಕೊಳ್ಳಿ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಒಂದು ಗುಳಿಯ ಹುಣಸೆ ಬೀಜ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಒಂದು ಬೀಜಕ್ಕೆ ಒಂದು ಎಣಿಕೆ ಎಂಬ ಗಣಿತದ ಮೊದಲ ಪಾಠ ಅಲ್ಲಿದೆ. ಇಲ್ಲಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತದೆ ಎಂಬ ಮುಂದಾಲೋಚನೆ ಇದೆ. ನೋಡಿದೊಡನೆ ನಾಲ್ಕೋ ಐದೋ ಎಂದು ಹೇಳುವ ಕಣ್ಣಿನ ಅಂದಾಜು ಇದೆ. ಎದುರಿನವರ ಸರದಿ ಮುಗಿಯುವ ತನಕ ಕಾಯುವ ಸಂಯಮ ಇದೆ, ಸೋತಾಗ ಮಣೆ ಎತ್ತಿ ಎಸೆಯದಿರುವ ಪಾಠವೂ ಇದೆ. ಇದನ್ನು ಮಗುವಿನ ಜೊತೆ ಆಡಲು ದೊಡ್ಡವರೊಬ್ಬರು ಅರ್ಧ ಗಂಟೆ ಕೂರಬೇಕು. ವರ್ಕ್‌ಶೀಟ್ ಕೊಟ್ಟು ಎದ್ದುಹೋಗುವುದು ಅದಕ್ಕಿಂತ ಎಷ್ಟೋ ಸುಲಭ. ಅವಸರ ನಮಗೆ ಪ್ರಿಯವಾಗಿರುವುದಕ್ಕೆ ಈ ಸುಲಭವೂ ಒಂದು ಕಾರಣ.

ಇದೆಲ್ಲ ಹೊಸ ಶೋಧವೂ ಅಲ್ಲ. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ಕಟ್ಟಿ, ಕಥೆ ಮತ್ತು ಆಟದ ಮೂಲಕ ಕಲಿಸಿ ತೋರಿಸಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ, ನಾಟಕ, ಕುಣಿತ, ಚಿತ್ರಗಳ ಮೂಲಕ ಮಕ್ಕಳ ಕಲಿಕೆಯನ್ನು ಪ್ರಯೋಗಿಸಿದರು. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡು 1989ರಲ್ಲಿ ಮಾಡಿದ ತಮ್ಮ ಮೊದಲ ಭಾಷಣವನ್ನು ಸಾಹಿತ್ಯಕ್ಕೆ ಮೀಸಲಿಡಲಿಲ್ಲ. ಚೀಲದ ಭಾರಕ್ಕೆ ಬೆನ್ನು ಬಾಗಿದ ಮಕ್ಕಳ ಬಗ್ಗೆ ಮಾತಾಡಿದರು. ಆ ಮಾತಿನ ಬೆನ್ನಿಗೆ ಹುಟ್ಟಿದ ಯಶಪಾಲ್ ಸಮಿತಿ 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿ ಕೊಟ್ಟಿತು. ಚೀಲದ ತೂಕಕ್ಕಿಂತ ಅರ್ಥವಾಗದ್ದನ್ನು ಹೊರುವ ಭಾರವೇ ದೊಡ್ಡದು ಎಂಬುದು ಅದರ ತಿರುಳು. ಮೂರು ದಶಕ ಕಳೆದಿದೆ. ಹೊರೆ ಕಡಿಮೆಯಾಗಲಿಲ್ಲ, ಹೊರುವವರ ವಯಸ್ಸು ಕಡಿಮೆಯಾಯಿತು.

ಈಗ ನನ್ನ ವಾದದ ವಿರುದ್ಧ ಇರುವ ಅತ್ಯಂತ ಬಲವಾದ ಮಾತಿಗೆ ಬರುತ್ತೇನೆ. ‘ಕಾಯಿರಿ ಎನ್ನುವುದು ಉಳ್ಳವರ ಉಪದೇಶ. ಮನೆಯಲ್ಲಿ ಪುಸ್ತಕ, ಆಟಿಕೆ, ಕಥೆ ಹೇಳುವ ಅಜ್ಜಿ ಇರುವವರು ಕಾಯಲಿ. ಗಾರ್ಮೆಂಟ್ಸ್‌ಗೆ ಬೆಳಗ್ಗೆ ಎಂಟಕ್ಕೆ ಹೊರಡುವ ತಾಯಿ, ಗಾರೆ ಕೆಲಸದ ಅಪ್ಪ ಮಗುವನ್ನು ಎಲ್ಲಿ ಬಿಡಬೇಕು? ತಾಳ್ಮೆಯಿಂದಿರಿ ಎಂದು ಈ ದೇಶದಲ್ಲಿ ಶೂದ್ರರಿಗೆ, ದಲಿತರಿಗೆ, ಹೆಂಗಸರಿಗೆ ಶತಮಾನಗಳಿಂದ ಹೇಳಿಕೊಂಡೇ ಬಂದಿದ್ದಾರೆ. ಇನ್ನು ಸಾಕು.’

ಈ ಮಾತಿನಲ್ಲಿರುವ ಸಿಟ್ಟು ನ್ಯಾಯವಾದದ್ದು, ಅದಕ್ಕೆ ತಲೆಬಾಗುತ್ತೇನೆ. ಹಕ್ಕು ಕೇಳಿದವರಿಗೆ ತಾಳ್ಮೆ ಬೋಧಿಸುವುದು ವಂಚನೆ. ಆದರೆ ಇಲ್ಲಿ ಯಾರು ಯಾರಿಗಾಗಿ ಕಾಯಬೇಕು ಎಂಬುದನ್ನು ಬಿಡಿಸಿ ನೋಡೋಣ. ಮಗುವಿನ ಮನಸ್ಸು, ಕೈ, ಮಾತು ಬೆಳೆಯುವುದಕ್ಕೆ ಕಾಲ ಬೇಕು. ಅಲ್ಲಿ ಕಾಯದೆ ವಿಧಿಯಿಲ್ಲ. ಬಡ ಮಗುವಿಗೆ ಒಳ್ಳೆಯ ಅಂಗನವಾಡಿ ಬರುವುದಕ್ಕೆ ಕಾಲ ಬೇಕಾಗಿಲ್ಲ. ಅದಕ್ಕೆ ಬೇಕಿರುವುದು ದುಡ್ಡು ಮತ್ತು ಮನಸ್ಸು. ನಾವು ಮಾಡಿಕೊಂಡಿರುವುದು ತಿರುವುಮುರುವು. ಮಗುವಿನ ಮೇಲೆ ಅವಸರ ಹೇರಿದ್ದೇವೆ, ಸರ್ಕಾರದ ಮುಂದೆ ತಾಳ್ಮೆಯಿಂದ ಕೂತಿದ್ದೇವೆ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಅರ್ಧ ಶತಮಾನ ತುಂಬಿದೆ. ಅಂಗನವಾಡಿ ಕಾರ್ಯಕರ್ತೆಗೆ ಇವತ್ತಿಗೂ ಸಿಗುವುದು ಗೌರವಧನ. ಅಡುಗೆ, ತೂಕ, ಲಸಿಕೆಯ ಲೆಕ್ಕ, ಸಮೀಕ್ಷೆ, ಮೊಬೈಲ್‌ನಲ್ಲಿ ಮಾಹಿತಿ ತುಂಬುವುದು ಎಲ್ಲವೂ ಅವಳದೇ. ಅದೆಲ್ಲ ಮುಗಿದು ಮಿಕ್ಕ ಹೊತ್ತಿನಲ್ಲಿ ಮಕ್ಕಳಿಗೆ ಹಾಡು, ಕಥೆ, ಆಟ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗಿನ ಮಕ್ಕಳಿಗೆ ಹಕ್ಕು ಕೊಟ್ಟಿತು. ಮೂರರಿಂದ ಆರರ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು ಎಂದಷ್ಟೇ ಹೇಳಿ ಸುಮ್ಮನಾಯಿತು. ಅಸಹನೆಯಿಂದ ಕುದಿಯಬೇಕಾದ ಜಾಗ ಇದು.

ಬಡ ಮಕ್ಕಳಿಗೆ ಯಾವ ಬಗೆಯ ಆರಂಭ ನೆರವಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 67ರವರೆಗೆ ಬಡ ಕಪ್ಪು ಕುಟುಂಬಗಳ 123 ಮಕ್ಕಳನ್ನು ಒಳಗೊಂಡ ಪೆರ್ರಿ ಶಾಲಾಪೂರ್ವ ಪ್ರಯೋಗ ನಡೆಯಿತು. ತರಬೇತಿ ಪಡೆದ ಶಿಕ್ಷಕರು, ಚಿಕ್ಕ ಗುಂಪು, ಮಕ್ಕಳೇ ಯೋಜಿಸಿ ಮಾಡುವ ಚಟುವಟಿಕೆ, ವಾರಕ್ಕೊಮ್ಮೆ ಶಿಕ್ಷಕರು ಮನೆಗೆ ಭೇಟಿ. ಬುದ್ಧಿಮತ್ತೆಯ ಅಂಕದಲ್ಲಿ ಮೊದಮೊದಲು ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಪ್ರಯೋಗ ಸೋತಿತು ಎನ್ನಬೇಕಾಗಿತ್ತು. ಆದರೆ ನಲವತ್ತನೇ ವಯಸ್ಸಿನವರೆಗೂ ಅವರನ್ನು ಹಿಂಬಾಲಿಸಿದಾಗ, ಆ ಶಾಲೆಗೆ ಹೋಗಿದ್ದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು, ಬಂಧನಕ್ಕೆ ಒಳಗಾದವರು ಕಡಿಮೆ. ಫಲ ಕಾಣಲು ದಶಕಗಳೇ ಹಿಡಿದವು. ತಿಂಗಳ ಕೊನೆಯ ಯೂನಿಟ್ ಟೆಸ್ಟಿನಲ್ಲಿ ಬೆಳವಣಿಗೆ ಹುಡುಕುವವರು ಈ ಒಂದು ಪ್ರಯೋಗವನ್ನು ಓದಬೇಕು. ಬಡವರ ಮಗುವಿಗೆ ಬೇಕಿರುವುದು ಬೇಗ ಶುರುವಾಗುವ ಒಂದನೇ ತರಗತಿಯಲ್ಲ, ಇಂಥ ಒಂದು ಆರಂಭ.

‘ನನ್ನ ಮಗು ಬೇರೆ, ಅದು ಆಗಲೇ ಓದುತ್ತದೆ’ ಎನ್ನುವವರೂ ಇದ್ದಾರೆ. ಸಂತೋಷ. ಓದಲಿ. ತಾನಾಗಿ ಓದುವ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಿ ಎಂದು ಯಾರೂ ಹೇಳಿಲ್ಲ. ಬೆಳವಣಿಗೆ ಎಲ್ಲರಲ್ಲೂ ಒಂದೇ ವೇಗದಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಆ ಮಗುವೇ ಸಾಕ್ಷಿ. ಆದರೆ ಓದಲು ಬಂದ ಮಗುವಿಗೂ ಜಗಳ ಬಗೆಹರಿಸಿಕೊಳ್ಳಲು, ಗುಂಪಿನಲ್ಲಿ ನಿಲ್ಲಲು, ಅಳು ತಡೆಯಲು, ಸೋಲು ನುಂಗಲು ವಯಸ್ಸು ಬೇಕು. ಶಾಲೆ ಎಂದರೆ ಬರೀ ಓದಲ್ಲ. ತಾನಾಗಿ ನಾಲ್ಕಕ್ಕೆ ಓದಿದ ಒಂದು ಮಗುವನ್ನು ತೋರಿಸಿ, ಓದದ ಮೂವತ್ತು ಮಕ್ಕಳಿಗೆ ನಿಯಮ ಬರೆಯುವುದು ನ್ಯಾಯವಲ್ಲ.

ಈ ಅವಸರ ಒಂದನೇ ತರಗತಿಯ ಬಾಗಿಲಲ್ಲೇ ನಿಲ್ಲುವುದಿಲ್ಲ ಎಂಬುದರಿಂದಲೇ ನಾನು ಇಷ್ಟು ಹೇಳುತ್ತಿರುವುದು. ಯುಕೆಜಿಗೆ ಅಕ್ಷರ ಮುಗಿಸಿದವರು ಆರನೇ ತರಗತಿಗೆ ‘ಫೌಂಡೇಷನ್ ಕೋರ್ಸ್’ ಕೇಳುತ್ತಾರೆ. ಹತ್ತನೆಯದು ಮುಗಿಯುವ ಮೊದಲೇ ಪಿಯು ಸಿಲಬಸ್ ಶುರುವಾಗುತ್ತದೆ. ಹದಿನಾರು ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು ಎಂದು ಕೋಚಿಂಗ್ ಕೇಂದ್ರಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯವೇ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಹೀಗೆ ಬೆಳೆದವರು ಇಪ್ಪತ್ತೈದಕ್ಕೆ, ಇನ್ನೂ ಏನೂ ಸಾಧಿಸಲಿಲ್ಲ ಎಂದು ಕುಗ್ಗುತ್ತಾರೆ. ಸದಾ ಮುಂದಿನ ತರಗತಿಗೆ ತಯಾರಾಗುತ್ತಲೇ ಬೆಳೆದವರಿಗೆ, ಇರುವ ತರಗತಿಯಲ್ಲಿ ಇರುವುದು ಹೇಗೆಂದು ಯಾರೂ ಕಲಿಸಲಿಲ್ಲ. ಕ್ರಮೇಣ ಬೆಳೆಯುವುದು ಬದುಕಿನ ರೀತಿ ಎಂಬುದನ್ನು ಒಬ್ಬ ಮನುಷ್ಯ ಮೊದಲ ಸಲ ಅನುಭವಿಸುವುದು ಬಾಲ್ಯದಲ್ಲಿ. ಬೀಳುತ್ತಾ ನಡೆಯಲು ಕಲಿತದ್ದು, ತೊದಲುತ್ತಾ ಮಾತಾಡಲು ಕಲಿತದ್ದು ಯಾವ ಟೈಮ್‌ಟೇಬಲ್‌ನಿಂದಲೂ ಅಲ್ಲ. ತನಗೆ ಬೇಕಾದಷ್ಟು ಕಾಲ ಸಿಕ್ಕಿತು, ಕಾದವರಿದ್ದರು, ಕೊನೆಗೆ ಬಂತು ಎಂಬ ಆ ಅನುಭವವೇ ಮುಂದಿನ ಎಲ್ಲ ತಾಳ್ಮೆಯ ಬಂಡವಾಳ. ಅದನ್ನೇ ನಾವು ಮಕ್ಕಳಿಂದ ಕಿತ್ತುಕೊಳ್ಳುತ್ತಿದ್ದೇವೆ.

ಆದ್ದರಿಂದ ನನ್ನ ಬೇಡಿಕೆಗಳು ಸ್ಪಷ್ಟ. ಆರು ವರ್ಷದ ನಿಯಮವನ್ನು ಸರ್ಕಾರ ಇನ್ನೆಂದೂ ಸಡಿಲಿಸಕೂಡದು; ಜೊತೆಗೆ ಮೂರು ತುಂಬದ ಮಗುವಿಗೆ ಅಡ್ಮಿಷನ್ ಕೊಡುವ ಶಾಲಾಪೂರ್ವ ಕೇಂದ್ರಗಳಿಗೆ ಬೀಗ ಹಾಕಬೇಕು, ಏಕೆಂದರೆ ಗೊಂದಲ ಹುಟ್ಟುವುದೇ ಅಲ್ಲಿ. ಮಗುವನ್ನೋ ತಂದೆತಾಯಿಯನ್ನೋ ಸಂದರ್ಶನಕ್ಕೆ ಕೂರಿಸಿ ಆರಿಸುವ ಶಾಲೆಗೆ ಮೊದಲ ಸಲಕ್ಕೆ 25,000 ರೂಪಾಯಿ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಅದನ್ನು ಹಾಕಿ ತೋರಿಸಬೇಕು. ತಂದೆತಾಯಂದಿರು ಶಾಲೆಗೆ ಹೋದಾಗ ‘ಎಷ್ಟು ಬೇಗ ಬರೆಸುತ್ತೀರಿ’ ಎಂಬುದರ ಬದಲು ಬೇರೆ ಪ್ರಶ್ನೆ ಕೇಳಬೇಕು: ದಿನಕ್ಕೆ ಎಷ್ಟು ಹೊತ್ತು ಆಟ? ಕಥೆ ಯಾವ ಭಾಷೆಯಲ್ಲಿ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಬರದಿದ್ದಾಗ ಏನು ಮಾಡುತ್ತೀರಿ?

ಅವಸರಪಡಲೇಬೇಕು ಎಂದಿದ್ದರೆ ಅದಕ್ಕೆ ತಕ್ಕ ಜಾಗಗಳಿವೆ. ಪ್ರತಿ ಅಂಗನವಾಡಿಗೂ ಸೋರದ ಸೂರು, ಕಾಂಪೌಂಡಿನೊಳಗೆ ಆಡುವ ಬಯಲು, ಮಕ್ಕಳಿಗೆ ಕಲಿಸುವುದಕ್ಕೆಂದೇ ಒಬ್ಬ ಶಿಕ್ಷಕಿ, ಅವಳಿಗೆ ಬದುಕಲು ಸಾಕಾಗುವ ಸಂಬಳ, ಮೂರರಿಂದ ಆರರ ಮಕ್ಕಳಿಗೂ ಕಾನೂನಿನ ಹಕ್ಕು. ಇದಕ್ಕೆ ಇನ್ನೊಂದು ಬಜೆಟ್ ಕಾಯಲು ಒಪ್ಪಬೇಡಿ, ಈ ವರ್ಷವೇ ಕೇಳಿ. ಓದು ಬರಹಕ್ಕೆ ಮಗು ತನ್ನ ಕಾಲಕ್ಕೆ ಬಂದೇ ಬರುತ್ತದೆ. ಅದು ಬರುವ ತನಕ ಅದರ ಜೊತೆ ಇರುವುದು ನಮ್ಮ ಕೆಲಸ.